ಕಂಡೆ ಎಂದ ಮಾತು

ದಕ್ಷಿಣ ಅಮೆರಿಕದ ತಿತಿಕಾಕಾ ಸರೋವರದ ದಂಡೆಯಲ್ಲಿದ್ದ ಐಮಾರಾ ಜನರ ಆ ಹಳ್ಳಿಯಲ್ಲಿ ಕಳ್ಳನನ್ನಾದರೂ ಕ್ಷಮಿಸಿಯಾರು, ಕಾಣದ್ದನ್ನು ‘ಕಂಡೆ’ ಎಂದವರನ್ನು ಮಾತ್ರ ಇಲ್ಲ. ಊರ ಸಭೆಯಲ್ಲಿ ಬಾಯಿ ತೆರೆದವರು ಮೊದಲು ಹೇಳಬೇಕು: ಕಣ್ಣಾರೆ ಕಂಡದ್ದೋ, ಯಾರೋ ಹೇಳಿ ಕೇಳಿದ್ದೋ. ಬಾಸಿಲಿಯಾ ಮುದುಕಿಯ ಹೆಮ್ಮೆಯೆಲ್ಲ ಅದರಲ್ಲೇ ಇತ್ತು. ಅವಳು ಕಂಡೆ ಎಂದರೆ ಮುಗಿಯಿತು, ಮರುಮಾತಿಲ್ಲ.

ಹೋದ ಭಾನುವಾರ, ವಿಧವೆ ಕಾಸಿಮಿರಾಳ ಆಲೂಗಡ್ಡೆ ಹೊಲದ ಗಡಿಕಲ್ಲು ಯಾರೋ ಸರಿಸಿದ್ದಾರೆಂದು ಸಭೆ ಸೇರಿದಾಗ ಬಾಸಿಲಿಯಾಳೇ ಎದ್ದು ನಿಂತಿದ್ದಳು.

"ನಾನೇ ಕಂಡೆ. ನಸುಕಿನಲ್ಲಿ ನನ್ನ ಬಾಗಿಲಿಂದ ನೋಡಿದ್ರೆ, ಪಕ್ಕದ ಹೊಲದ ಈ ನಿಕನೋರ್ ಅಲ್ಲಿ ಬಗ್ಗಿ ಏಳ್ತಿದ್ದ. ಇವನು ಹೊದೆಯೋ ಕೆಂಪು ಕಂಬಳಿ ಪೊಂಚೊ ಗುರುತು ಹಿಡಿಯೋಕೆ ನನಗೇನು ಕನ್ನಡಕ ಬೇಕಾ?"

ನಿಕನೋರ್ ಅವಳ ಮುಖವನ್ನೇ ದಿಟ್ಟಿಸಿದ. ಆಮೇಲೆ ತಲೆ ತಗ್ಗಿಸಿ ಒಪ್ಪಿಕೊಂಡ. ಕಲ್ಲನ್ನು ಮೊದಲಿದ್ದಲ್ಲೇ ನೆಡಬೇಕು, ವರ್ಷವಿಡೀ ಸಭೆಯಲ್ಲಿ ಬಾಯಿ ಬಿಡಬಾರದು ಎಂದು ತೀರ್ಪಾಯಿತು.

ಇಂದು ನಸುಕಿನಲ್ಲಿ ಬಾಗಿಲು ತೆರೆದರೆ ಅದೇ ಜಾಗದಲ್ಲಿ ಅದೇ ಕೆಂಪು ಪೊಂಚೊ ಬಗ್ಗಿ ಏಳುತ್ತಿದೆ! "ಎಲಾ ಇವನ! ಇನ್ನೂ ಬುದ್ಧಿ ಬಂದಿಲ್ಲವಲ್ಲ" ಎಂದು ಬೈಯುತ್ತಾ ಬಾಸಿಲಿಯಾ ಹೊಲಕ್ಕೆ ಧಾವಿಸಿದಳು. ಹತ್ತಿರ ಹೋಗಿ ನೋಡಿದರೆ ಅದು ಬೆದರುಗೊಂಬೆ. ಪೊಂಚೊ ಹೊದ್ದು ಗಾಳಿಗೆ ತೂಗಾಡುತ್ತಿತ್ತು. ನಿಕನೋರ್ ಇದ್ದದ್ದು ಹೊಲದ ಇನ್ನೊಂದು ತುದಿಯಲ್ಲಿ, ಕಲ್ಲುಗೋಡೆಯ ಆಚೆ, ತೀರ್ಪಿನಂತೆ ಗಡಿಕಲ್ಲು ನೆಡುತ್ತಾ. ಅವಳ ಬಾಗಿಲಿನಿಂದ ಆ ಜಾಗ ಕಾಣುವುದೇ ಇಲ್ಲ. ಮುದುಕಿ ಗೋಡೆಯ ಬಳಿಗೆ ನಡೆದಳು.

"ಅವತ್ತೂ ಪೊಂಚೊ ಗೊಂಬೆ ಮೇಲೇ ಇತ್ತೇನೋ?"

"ಇತ್ತಜ್ಜಿ. ಅಗೆಯೋಕೆ ಅಡ್ಡ ಬರುತ್ತೆ ಅಂತ ಅದಕ್ಕೆ ಹೊದಿಸಿದ್ದೆ."

"ಮತ್ತೆ ಸಭೆಯಲ್ಲಿ ಬಾಯಿಗೇನು ಬೀಗ ಹಾಕ್ಕೊಂಡಿದ್ದಾ? ಮುದುಕಿ ಏನೂ ಕಂಡಿಲ್ಲ ಅನ್ನಬಹುದಿತ್ತಲ್ಲೋ!"

"ಕಲ್ಲು ಸರಿಸಿದ ಕಳ್ಳ ನಾನೇ ಅಲ್ವಾ? ನನ್ನ ಜೊತೆ ನಿನ್ನ ಮಾನಾನೂ ಯಾಕೆ ಹೋಗಬೇಕು ಅಂತ ಸುಮ್ಮನಾದೆ."

ಅಯ್ಯೋ, ಕಳ್ಳನ ದಯೆಯಿಂದ ಉಳಿದ ಮಾನವೇ ತನ್ನದು! ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಬಾಸಿಲಿಯಾಳಿಗೆ.

ಅಷ್ಟರಲ್ಲಿ ಕಾಸಿಮಿರಾ ಬಂದಳು. ಹುರಿದ ಅವರೆಕಾಳಿನ ಬಟ್ಟೆಗಂಟನ್ನು ಬಿಚ್ಚಿ ಮುಂದೆ ಹಿಡಿದಳು. "ತಿನ್ನಜ್ಜಿ, ಬಿಸಿಬಿಸಿ ಇದೆ. ನಿನ್ನ ಕಣ್ಣು ತಣ್ಣಗಿರಲಿ! ನೀನು ಕಾಣದೇ ಇದ್ದಿದ್ರೆ ನನ್ನ ಹೊಲ ಹೋಗಿಬಿಡ್ತಿತ್ತು."

ನಿಕನೋರ್ ಏನೂ ಕೇಳಿಸದವನಂತೆ ಕಲ್ಲಿನ ಬುಡದ ಮಣ್ಣು ತುಳಿಯುತ್ತಿದ್ದ. ಬಾಸಿಲಿಯಾಳ ಕೈ ಕಾಳಿನ ಕಡೆ ಹೋಗಲಿಲ್ಲ.

"ನಾನು ಇವನನ್ನ ಕಂಡಿರಲಿಲ್ಲ ಕಣೇ. ಕಂಡಿದ್ದು ಆ ಗೊಂಬೆನ."

"ಆದ್ರೆ ಕಲ್ಲು ಸರಿಸಿದ್ದು ಇವನೇ ತಾನೇ? ನೀನು ಹೇಳಿದ್ದು ನಿಜಾನೇ ಆಯ್ತಲ್ಲ!"

"ನಿಜ ಆಯ್ತು. ಆದ್ರೆ ಹೇಳಿದಾಗ ನನಗದು ಗೊತ್ತಿರಲಿಲ್ಲ."

ಕಾಸಿಮಿರಾ ಗೊಂಬೆಯನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಬಿಚ್ಚಿದ್ದ ಗಂಟನ್ನು ಮೆಲ್ಲಗೆ ಮತ್ತೆ ಕಟ್ಟಿಕೊಂಡು ಮನೆಯ ಕಡೆ ತಿರುಗಿದಳು.