ದ್ರೌಪದಮ್ಮನ ಜಗುಲಿಯ ಬಿಪಿ ಪಟ್ಟಿ

ಹೌದು, ಆಶಾರಾಣಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಒಡವೆಗಲ್ಲ, ಏರ್‌ಪೋರ್ಟ್ ರಸ್ತೆ ಕಡೆ ಎದ್ದಿರುವ ಅವಳ ಮಾವನ ಬಾಡಿಗೆ ಕಟ್ಟಡಕ್ಕೂ ಅಲ್ಲ. ನರ್ಸಮ್ಮ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾರಲ್ಲ, ಅದಕ್ಕೆ.

ಕೊಡಿಗೇಹಳ್ಳಿಯಲ್ಲಿ ಊರಿನ ಬಸುರಿಯರಿಗೂ ನಮ್ಮ ಕಾಲೋನಿಯ ಬಸುರಿಯರಿಗೂ ತಿಂಗಳ ತಪಾಸಣೆ ಒಂದೇ ಕಡೆ, ಆಶಾರಾಣಿಯ ಅತ್ತೆ ದ್ರೌಪದಮ್ಮನ ಜಗುಲಿಯಲ್ಲಿ. ಊರಿನವರು ಮೇಲೆ, ಕುರ್ಚಿಯಲ್ಲಿ. ದಲಿತರು ನಾವು ಕೆಳಗೆ, ಮೆಟ್ಟಿಲ ಹತ್ತಿರ. ನರ್ಸಮ್ಮ ಮೇಲಿನವರ ಹೊಟ್ಟೆ ಮುಟ್ಟಿ, "ಮಗು ಚೆನ್ನಾಗಿ ಆಡ್ತಾ ಇದೆ" ಎಂದು ನಗುತ್ತಾರೆ. ನಮ್ಮನ್ನು ಅಲ್ಲಿಂದಲೇ ಕಣ್ಣಲ್ಲಿ ಅಳೆದು, "ಸರಿ ಇದೀಯ, ಮಾತ್ರೆ ತಗೊಂಡ್ ಹೋಗು" ಎನ್ನುತ್ತಾರೆ. ಆ ಮಾತ್ರೆಯನ್ನೂ ಮೆಟ್ಟಿಲ ಮೇಲೇ ಇಡುತ್ತಾರೆ. ಹಿಂದೆ ನನ್ನ ಅಕ್ಕನಿಗೂ ಸರಿ ಇದೀಯ ಎಂದೇ ಹೇಳಿದ್ದರು. ಬಿಪಿ ಏರಿ, ಫಿಟ್ಸ್ ಬಂದು, ಆಸ್ಪತ್ರೆ ಸೇರುವ ಮೊದಲೇ ಅವಳೂ ಹೋದಳು, ಮಗುವೂ ಹೋಯಿತು.

ನನಗೆ ಎಂಟು ತಿಂಗಳು ತುಂಬುವಾಗ ಪಾದ ಊದಿ ಚಪ್ಪಲಿ ಹಿಡಿಸದಂತಾಯಿತು. ತಲೆ ಸಿಡಿಯುತ್ತಿತ್ತು.

"ಸಿಸ್ಟರ್, ನನಗೂ ಒಂದ್ಸಲ ಪಟ್ಟಿ ಕಟ್ಟಿ ನೋಡಿ" ಎಂದೆ.

"ಬಸುರೀಲಿ ಎಲ್ರಿಗೂ ಊದುತ್ತೆ ಕಣಮ್ಮ. ಉಪ್ಪು ಕಮ್ಮಿ ಮಾಡು."

ಹೀಗೆಂದವರು ಆಶಾರಾಣಿಗೆ ಎರಡನೇ ಸಲ ಪಟ್ಟಿ ಕಟ್ಟಿದರು. ಮೊದಲನೇ ಸಲ ಅವಳು ಮಾತಾಡಿಬಿಟ್ಟಳಂತೆ, ತಪ್ಪು ತೋರಿಸಿರಬಹುದಂತೆ. ಅವಳಿಗೆ ಎರಡು ಸಲ, ನನಗೆ ಒಂದೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಅವಳದು ಜೀವ, ನನ್ನದೇನು ಕಡ್ಲೆಪುರಿಯೇ? ಅವಳು ಎದ್ದದ್ದೇ ತಡ, ಮೆಟ್ಟಿಲು ಹತ್ತಿ ಆ ಕುರ್ಚಿಯಲ್ಲಿ ಕೂತು ತೋಳು ಚಾಚಿದೆ.

"ಏಯ್ ಮಂಗಳಾ, ಎಲ್ ಕೂತಿದೀಯ ಗೊತ್ತಾ? ಇಳಿಯೇ ಕೆಳಗೆ" ಎಂದರು ದ್ರೌಪದಮ್ಮ.

"ಪಟ್ಟಿ ಕಟ್ಲಿ, ಇಳೀತೀನಿ ದ್ರೌಪದಮ್ಮನೋರೆ."

ನನ್ನನ್ನು ಎಬ್ಬಿಸಬೇಕೆಂದರೆ ಯಾರಾದರೂ ಮುಟ್ಟಲೇಬೇಕಿತ್ತು. ಯಾರೂ ಮುಟ್ಟಲಿಲ್ಲ. ಕೊನೆಗೆ ನರ್ಸಮ್ಮ ಗೊಣಗುತ್ತಾ, ಬೆರಳ ತುದಿಯಲ್ಲೇ ಪಟ್ಟಿ ಸುತ್ತಿ ಗಾಳಿ ತುಂಬಿದರು. ಗೊಣಗಾಟ ನಿಂತಿತು. ಇನ್ನೊಮ್ಮೆ ತುಂಬಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಆಂಬುಲೆನ್ಸಿಗೆ ಫೋನ್ ಮಾಡಿದರು.

ಅದೇ ಸಂಜೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗಳನ್ನು ತೆಗೆದರು. ಹಿಡಿಯಷ್ಟು ಕೂಸು, ಆದರೆ ಗಂಟಲು ನನ್ನದೇ.

ಮಗಳಿಗೆ ಚುಚ್ಚುಮದ್ದು ಹಾಕಿಸಲು ಮತ್ತೆ ಅದೇ ಜಗುಲಿಗೆ ಹೋದೆ. ಆಶಾರಾಣಿಗೆ ಆಗ ದಿನ ತುಂಬಿತ್ತು. ಅವಳ ತೋಳಿನಲ್ಲಿ ಹೊಚ್ಚ ಹೊಸ ಪಟ್ಟಿ. ನನಗೆ ಕಟ್ಟಿದ್ದ ಹಳೆಯದು ಗಾಳಿ ಒತ್ತುವ ಉಂಡೆಯ ಸಮೇತ ಗೇಟಿನ ಪಕ್ಕದ ಮೊಳೆಗೆ ನೇತಾಡುತ್ತಿತ್ತು.

"ಅದು ನಿಮಗೇ ಇರ್ಲಿ ಅಂತ ಬಿಟ್ಟಿದೀವಿ. ಇವಳಿಗೆ ಬೇರೆ ತರ್ಸಿದೆ" ಎಂದರು ದ್ರೌಪದಮ್ಮ, ದೊಡ್ಡ ಉಪಕಾರ ಮಾಡಿದವರ ಹಾಗೆ.

ಮೆಟ್ಟಿಲ ಹತ್ತಿರ ನಮ್ಮ ಕಾಲೋನಿಯ ಮುನಿತಾಯಿ ತುಂಬಿದ ಹೊಟ್ಟೆ ಹೊತ್ತು, ಊದಿದ ಕಾಲು ನೀಡಿಕೊಂಡು ಕೂತಿದ್ದಳು. ನರ್ಸಮ್ಮ ಮೇಲಿಂದಲೇ ಅವಳತ್ತ ನೋಡಿ, "ನೀನು ಸರಿ ಇದೀಯ" ಎಂದರು.

ಆಶಾರಾಣಿಯ ತೋಳಿನ ಆ ಹೊಸ ಪಟ್ಟಿಯನ್ನು ಕಂಡು ನನಗೆ ಎಂಥ ಹೊಟ್ಟೆಕಿಚ್ಚಾಯಿತೆಂದರೆ, ಕಿತ್ತುಕೊಂಡುಬಿಡೋಣ ಎನ್ನಿಸಿತು. ಕೀಳಲಿಲ್ಲ. ಮಗಳನ್ನು ಮುನಿತಾಯಿಯ ಮಡಿಲಿಗೆ ಹಾಕಿದೆ. ಮೊಳೆಯಿಂದ ಹಳೆಯದನ್ನು ತೆಗೆದು ಅವಳ ತೋಳಿಗೆ ನಾನೇ ಬಿಗಿಯಾಗಿ ಸುತ್ತಿದೆ.

"ಕಟ್ಟಿದೀನಿ ಸಿಸ್ಟರ್. ಇಳಿದು ಬಂದು ಗಾಳಿ ತುಂಬಿ. ನೀವು ನೋಡೋವರೆಗೂ ಇವಳೂ ಏಳಲ್ಲ, ನಾನೂ ಹೋಗಲ್ಲ."

ಮಗಳು ಹಸಿದು ಅರಚತೊಡಗಿದಳು. ನಾನು ಸುಮ್ಮನಾಗಿಸಲಿಲ್ಲ. ನರ್ಸಮ್ಮ ಒಮ್ಮೆ ದ್ರೌಪದಮ್ಮನ ಮುಖ ನೋಡಿದರು, ಒಮ್ಮೆ ಮುನಿತಾಯಿಯ ಕಾಲು ನೋಡಿದರು. ಆಮೇಲೆ ಮೆಟ್ಟಿಲಿಳಿದು ಬಂದರು.