ಕೆಂದನ ಬಗಲಿಗೆ ಬಂದ ಮೋಟಾರು

ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲದ ಮಾತು. ಗಜೇಂದ್ರಗಡದ ಅರಳೆ ವ್ಯಾಪಾರಿ ಈಶಪ್ಪ ಸಾವಕಾರರು ಹುಬ್ಬಳ್ಳಿಯಿಂದ ಒಂದು ಹಳೆಯ ಮೋಟಾರು ತಂದಿದ್ದರು. ಅದನ್ನು ಓಡಿಸುವವನು ಮದರಸಾಬ. ಮೋಟಾರು ಹಾದುಹೋಗುವಾಗ ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಮುದುಕಿಯರು ಕೈ ಮುಗಿಯುವುದೂ ಇತ್ತು. ಆ ನಮಸ್ಕಾರದಲ್ಲಿ ಅರ್ಧ ತನಗೇ ಸಲ್ಲಬೇಕೆಂದು ಮದರಸಾಬ ತಿಳಿದಿದ್ದ. ಸಾವಕಾರರ ಪಾಲಿನ ಕೆಲಸವೆಂದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವುದೊಂದೇ ಆಗಿತ್ತಲ್ಲ!

ಅಂಥ ಮದರಸಾಬ ಈಗ ಲಕ್ಕಲಕಟ್ಟಿಯ ಚಾವಡಿಯ ಮುಂದೆ ಬಿಸಿಲಿನಲ್ಲಿ ಕೈಕಟ್ಟಿ ನಿಂತಿದ್ದ. ಹಿಂದಿನ ದಿನ ರೋಣಕ್ಕೆ ಹೊರಟಿದ್ದ ಅವನ ಮೋಟಾರು, ಊರ ಹತ್ತಿರದ ಇಕ್ಕಟ್ಟಾದ ಮೋರಿಯ ಮೇಲೆ ದ್ಯಾಮಪ್ಪನೆಂಬ ರೈತನ ಚಕ್ಕಡಿಗೆ ಬಡಿದಿತ್ತು. ಚಕ್ಕಡಿ ಮಗುಚಿ ದ್ಯಾಮಪ್ಪನ ಬಲಗೈ ಮುರಿದಿತ್ತು. ಮೋಟಾರು ಮೂತಿ ಕೆಳಗೆ ಮಾಡಿ ತಗ್ಗಿಗೆ ಇಳಿದಿತ್ತು, ಸಾವಕಾರರ ಹಣೆ ಬೋರೆಹಣ್ಣಿನಷ್ಟು ಊದಿತ್ತು. ಕೊನೆಗೆ ಮೋಟಾರನ್ನು ಮೇಲಕ್ಕೆಳೆದದ್ದು ಅದೇ ಊರಿನ ಎತ್ತುಗಳು. ದೀಪವೊಂದು ಒಡೆದಿತ್ತು, ಆದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ.

ನ್ಯಾಯಕ್ಕೆ ಕುಳಿತ ಹಿರಿಯರು ತೋಟಪ್ಪಗೌಡರು. ಅವರು ಮೊದಲೇ ಹೇಳಿಬಿಟ್ಟಿದ್ದರು: ತಪ್ಪು ಮೋಟಾರಿನದಾದರೆ ರೋಣದ ಫೌಜದಾರರಿಗೆ ಸುದ್ದಿ ಹೋಗುತ್ತದೆ, ಮದರಸಾಬನ ಲೈಸೆನ್ಸು ಹೋಗುತ್ತದೆ. ತಪ್ಪು ಎತ್ತಿನದಾದರೆ ಅಂಥ ಪುಂಡ ಎತ್ತು ದಾರಿಗಿಳಿಯಕೂಡದು, ಅದನ್ನು ಮಾರಬೇಕು. ಲೈಸೆನ್ಸು ಹೋದರೆ ಮದರಸಾಬನಿಗೆ ಉಳಿಯುವುದು ಕೂಲಿಯೊಂದೇ. ಅವನಪ್ಪ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಲೇ ಕಣ್ಣು ಮುಚ್ಚಿದವನು. ಆ ಬಾಳಿನಿಂದ ಇವನನ್ನು ಮೇಲಕ್ಕೆತ್ತಿದ್ದು ಈ ಒಂದು ವಿದ್ಯೆ.

“ಹಾರ್ನ್ ಹೊಡದೆನ್ರಿ ಗೌಡ್ರ,” ಎಂದ. “ಮತ್ತ ಮತ್ತ ಹೊಡದೆ. ಆ ಕೆಂಪೆತ್ತು ಹಾರ್ನಿಗೆ ಬೆದರಿ ನನಗ ಅಡ್ಡ ಬಂತ್ರಿ.”

ಕೂತ ಮಂದಿ ಗೊಳ್ಳೆಂದು ನಕ್ಕಿತು. ಬೆದರುವುದೆ? ಕೆಂದ ಬೆದರುವುದೆ? ಮೊನ್ನೆ ಕಾರಹುಣ್ಣಿಮೆಯ ಸಂಜೆ ಊರ ಅಗಸಿ ಬಾಗಿಲಲ್ಲಿ ಬೇವಿನ ತಪ್ಪಲು ಕಟ್ಟಿದ ಹಗ್ಗವನ್ನು, ಎಲ್ಲ ಎತ್ತುಗಳನ್ನೂ ಹಿಂದೆ ಹಾಕಿ, ಎದೆಯಿಂದ ಹರಿದು ಕರಿ ಗೆದ್ದದ್ದು ಈ ಕೆಂದ. ಹಲಗೆಯ ಸಪ್ಪಳ, ಮಂದಿಯ ಕೇಕೆ ಯಾವುದಕ್ಕೂ ಅದು ಬೆದರಿರಲಿಲ್ಲ. ಕೆಂಪೆತ್ತು ಕರಿ ಹರಿದರೆ ಮುಂಗಾರು ಕೈಹಿಡಿಯುತ್ತದೆಂದು ನಂಬಿದ ಊರು ಅದು. ಅಂಥ ಎತ್ತನ್ನು ಪುಂಡನೆಂದರೆ ಯಾರು ಕೇಳುತ್ತಾರೆ?

“ಮೋಟಾರು ಬಂದು ಬಡೀತ್ರಿ, ಅಷ್ಟ,” ಎಂದ ದ್ಯಾಮಪ್ಪ. ಅವನ ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದರು.

ಗೌಡರು ಮೀಸೆ ತಿರುವಿದರು. “ಮಾತಿನ್ಯಾಗ ಇದು ತೀರಾಂಗಿಲ್ಲ. ಎತ್ತು ಐತಿ, ಮೋಟಾರೂ ಐತಿ. ದಾರಿಗೇ ಹೋಗೂಣು ನಡೀರಿ.”

ಊರಿಗೆ ಊರೇ ದಾರಿಗೆ ಬಂತು. ದ್ಯಾಮಪ್ಪನ ಹೆಂಡತಿ ನೀಲವ್ವ ಕೆಂದನ ಹಗ್ಗ ಹಿಡಿದು ನಡೆಸಿ ತಂದಳು. ಅದರ ಕೊಂಬಿನ ಬಣ್ಣ ಇನ್ನೂ ಮಾಸಿರಲಿಲ್ಲ. ಹೆಗಲಿನ ಮೇಲೆ ಸ್ವಲ್ಪ ತರಚಿತ್ತು, ಅದಕ್ಕೆ ಅರಿಸಿಣ ಹಚ್ಚಿದ್ದಳು. ಗೌಡರು ಕೈಯೆತ್ತಿದಾಗ ಮದರಸಾಬ ಎತ್ತಿನ ಬೆನ್ನ ಹಿಂದೆ ಮೋಟಾರು ನಿಲ್ಲಿಸಿ ಹಾರ್ನಿನ ರಬ್ಬರು ಚೆಂಡನ್ನು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದ. ಬೇವಿನ ಗಿಡದ ಕಾಗೆಗಳೆಲ್ಲ ಹಾರಿಹೋದವು. ಕೆಂದ ಕಿವಿಯ ಮೇಲಿನ ನೊಣ ಝಾಡಿಸಿಕೊಂಡಿತು. ಮತ್ತೆ ಒತ್ತಿದ. ಕೆಂದ ನಿಂತಲ್ಲೇ ಸಗಣಿ ಹಾಕಿತು.

ಮಂದಿ ಈ ಸಲ ನಗಲಿಲ್ಲ. ಎಲ್ಲರೂ ಮದರಸಾಬನ ಕಡೆ ತಿರುಗಿದರು. ಸಾವಕಾರರೂ ಅವನನ್ನು ಕೆಕ್ಕರಿಸಿ ನೋಡಿದರು. ತನ್ನ ಕಥೆ ಮುಗಿಯಿತೆಂದು ಅವನು ಹಾರ್ನಿನಿಂದ ಕೈ ತೆಗೆದ.

“ಗೌಡ್ರ, ಒಂದ ಮಾತೈತ್ರಿ.” ಹೇಳಿದವಳು ನೀಲವ್ವ. ಸೆರಗು ಸರಿಮಾಡಿಕೊಂಡು ಮುಂದೆ ಬಂದಿದ್ದಳು. “ಹಾರ್ನಿಗೆ ಕೆಂದ ಓಡಾಂಗಿಲ್ರಿ. ಬಾಜೂಕ ಬಂದು ಯಾರರ ಅವನ್ನ ಹಿಂದ ಹಾಕಾಕ ನೋಡಿದ್ರ ಮಾತ್ರ ಓಡ್ತಾನ. ಆವಾಗ ಹಗ್ಗ ಜಗ್ಗಿದ್ರೂ ಕೇಳಾಂಗಿಲ್ಲ, ಅಡ್ಡ ಹೋಗಿ ದಾರಿ ಕಟ್ಟತಾನ. ಕರಿ ಹರಿಯಾಕ ನಾವ ಹಂಗ ಕಲಿಸೇವ್ರಿ.”

“ಏ ನೀಲವ್ವಾ!” ದ್ಯಾಮಪ್ಪ ಚೀರಿದ. “ಬಿತ್ತಿಗಿ ಹತ್ರ ಬಂದೈತಿ, ಎತ್ತು ಕಳಕೋಬೇಕಂತಿಯೇನ?”

“ಸಣ್ಣ ಕರ ಇದ್ದಾಗಿಂದ ನಾನ ಸಾಕೀನಿ,” ಎಂದಳು ಅವಳು. “ಅವನ ಗುಣ ಮುಚ್ಚಿಟ್ಟು ಇನ್ನೊಬ್ಬರ ಅನ್ನಕ್ಕ ಮಣ್ಣು ಹಾಕಂದ್ರ, ನನ್ನ ಕೈಲೆ ಆಗಾಂಗಿಲ್ಲ.”

ಮದರಸಾಬ ಬೆರಗಾಗಿ ನಿಂತ. ತಾನು ಈ ಹೆಂಗಸಿನ ಗಂಡನ ಕೈ ಮುರಿದವನು. ಅವಳು ಸುಮ್ಮನಿದ್ದರೆ ಸಾಕಿತ್ತು, ಎಲ್ಲ ಅವಳ ಕಡೆಗೇ ಆಗುತ್ತಿತ್ತು.

“ಹಂಗಾರ ಮೋಟಾರು ಬಾಜೂಕ ಹಚ್ಚು,” ಎಂದರು ಗೌಡರು.

ಮದರಸಾಬ ಕುಳಿತು ಯಂತ್ರ ಚಾಲೂ ಮಾಡಿದ. ನೀಲವ್ವ ಹಗ್ಗ ಬಿಚ್ಚಿ ಬಿಟ್ಟಳು. ಮೋಟಾರು ಮೆಲ್ಲಗೆ ಹೊರಟಿತು. ಕೆಂದ ಸಂಜೆ ಮನೆಗೆ ಹೊರಟಂತೆ ಅದರ ಬಗಲಿಗೆ ನಡೆಯಿತು. ಆಗ ಮದರಸಾಬನಿಗೆ ಎಲ್ಲ ಹೊಳೆಯಿತು. ನಿನ್ನೆ ತಾನು ಸುಮ್ಮನೆ ಹೀಗೆ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಚಕ್ಕಡಿ ದಾರಿ ಬಿಡಲಿಲ್ಲವೆಂದು ಸಿಟ್ಟು ಬಂದಿತ್ತು. ಹೊಲದಲ್ಲಿ ಮಂದಿ ನೋಡುತ್ತಿದ್ದರು, ಒಂದು ಎತ್ತು ತನ್ನ ಸಮಕ್ಕೆ ಓಡುತ್ತಿತ್ತು. ಮೋರಿ ಕಣ್ಣಿಗೆ ಕಾಣುತ್ತಿದ್ದರೂ ಅವನು ವೇಗ ಏರಿಸಲು ಕಾಲು ಒತ್ತಿದ್ದ. ಎತ್ತು ಬೆದರಿತೆಂದು ಊರಿಗೆ ಹೇಳುವ ಮೊದಲು ತನಗೆ ತಾನೇ ಹೇಳಿಕೊಂಡು ನಂಬಿಬಿಟ್ಟಿದ್ದ.

ಈಗ ಹೀಗೇ ಮೆಲ್ಲಗೆ ಹೋದರೆ ಕೆಂದ ಓಡುವುದಿಲ್ಲ, ತಾನು ಸುಳ್ಳುಗಾರನಾಗುತ್ತೇನೆ, ಅವಳೂ ಸುಳ್ಳುಗಾತಿಯಾಗುತ್ತಾಳೆ. ಜೋರಾಗಿ ಹೋದರೆ ಕೆಂದ ಓಡುತ್ತದೆ, ಆದರೆ ನಿನ್ನೆ ತಾನು ಏನು ಮಾಡಿದೆನೆಂಬುದು ಇಡೀ ಊರಿಗೆ ಕಾಣುತ್ತದೆ. ಅವನು ಒಮ್ಮೆ ನೀಲವ್ವನ ಕಡೆ ನೋಡಿದ. ಆಮೇಲೆ ನಿನ್ನೆಯಷ್ಟೇ ಬಲವಾಗಿ ಕಾಲು ಒತ್ತಿದ.

ಮೋಟಾರು ಜಿಗಿದು ಮುಂದಾಯಿತು. ಕೆಂದ ತಲೆಯೆತ್ತಿತು. ಮೂಗಿನಿಂದ ಒಂದು ಉಸಿರು ಬಿಟ್ಟಿತು, ಅಷ್ಟೇ. ಬಾಲ ನೆಟ್ಟಗೆ ಮೇಲೆದ್ದಿತು, ನೆಲ ಗುಡುಗುಡು ಅನ್ನತೊಡಗಿತು. ಕಿಟಕಿಯಲ್ಲಿ ಮೊದಲು ಬಣ್ಣದ ಕೊಂಬು ಬಂತು, ಆಮೇಲೆ ಬೆನ್ನಿನ ಕೆಂಪು ಇಣಿ, ಹೆಗಲ ಮೇಲಿನ ಅರಿಸಿಣ. ಯಾ ಅಲ್ಲಾ, ಎಂಥ ಓಟ ಅದು! ಪೆಟ್ರೋಲು ಕುಡಿಯದ, ಯಾರೂ ಹೊಡೆಯದ, ಹಿಂದುಳಿಯಲು ಮನಸ್ಸಿಲ್ಲವೆಂಬ ಒಂದೇ ಕಾರಣಕ್ಕೆ ಓಡುವ ಜೀವ. ಮದರಸಾಬನಿಗೆ ಭೂಮಿಯೇ ಎದ್ದು ತನ್ನ ಬಗಲಿಗೆ ಓಡುತ್ತಿದೆಯೇನೋ ಅನ್ನಿಸಿತು. ಹಿಂದಿನಿಂದ ಊರು ಕರಿ ಹರಿಯುವ ಹೊತ್ತಿನ ಕೇಕೆ ಹಾಕಿತು. ಕೆಂದ ಮೋಟಾರನ್ನು ದಾಟಿ, ಎಡಕ್ಕೆ ಸೀಳಿ, ದಾರಿ ಕಟ್ಟಿತು. ಆ ಹೊತ್ತಿಗೆ ಮದರಸಾಬ ಬ್ರೇಕು ಹಾಕಿದ್ದ. ಮೋರಿ ಇನ್ನೂ ದೂರವಿತ್ತು.

ಅವನು ಇಳಿದು ಬಂದು ಗೌಡರ ಮುಂದೆ ಲೈಸೆನ್ಸು ಇಟ್ಟ.

“ನಿನ್ನಿನೂ ಹಿಂಗ ಓಡಿಸಿದ್ದೆನ್ರಿ. ಎತ್ತು ಬೆದರಿಲ್ರಿ, ಸುಳ್ಳು ಹೇಳಿದೆ. ಎತ್ತು ನನ್ನ ದಾಟತೈತಿ ಅನ್ನೂದು ನನಗ ತಡೀಲಿಲ್ಲ.”

ಕೇಕೆ ಹಾಕಿದ ಮಂದಿ ತಲೆ ತಗ್ಗಿಸಿತ್ತು. ಕೆಂದನಿಗೆ ಓಟ ಕಲಿಸಿದ್ದರಲ್ಲಿ ಅವರೆಲ್ಲರ ಪಾಲೂ ಇತ್ತು.

“ಎತ್ತಿಗೆ ನಾವು ಕಲಿಸಿದ್ದು ಖರೇ, ನೀ ಅದನ್ನ ಕೆಣಕಿದ್ದೂ ಖರೇ,” ಎಂದರು ಗೌಡರು. “ಆದರ ಕೈ ಮುರದಿದ್ದು ದ್ಯಾಮಪ್ಪಂದು. ನೀಲವ್ವ, ನೀನ ಹೇಳಬೇ. ಏನ ಮಾಡೂಣು?”

“ಫೌಜದಾರ ಬ್ಯಾಡ್ರಿ. ಕೆಂದನ್ನ ಮಾರೂದೂ ಬ್ಯಾಡ್ರಿ,” ಎಂದಳು. “ನಮ್ಮನಿಯಾಗ ಬಿತ್ತಾಕ ಗಂಡಾಳಿಲ್ಲ. ಬಿತ್ತಿಗಿ ಮುಗಿಯೂತನಾ ಈ ಅಣ್ಣಾರು ಬಂದು ಎತ್ತು ಹಿಡೀಲಿ.”

“ನನ್ನ ಮೋಟಾರು?” ಎಂದರು ಸಾವಕಾರರು ಹಣೆ ಮುಟ್ಟಿಕೊಂಡು.

“ಅಲ್ಲೀಮಟಾ ಚಕ್ಕಡಿಯೊಳಗ ಅಡ್ಡಾಡ್ರಿ. ನಿದ್ದಿ ಅದರಾಗೂ ಚಲೋ ಬರತೈತಿ,” ಎಂದು ಗೌಡರು ಲೈಸೆನ್ಸನ್ನು ಮದರಸಾಬನಿಗೆ ತಿರುಗಿ ಕೊಟ್ಟರು.

ಅವನು ಅದನ್ನು ಹಿಡಿದುಕೊಂಡು ನಿಂತೇ ಇದ್ದ. ಕೆಂದ ಆಗಲೇ ದಾರಿಯ ಬದಿಯ ಹುಲ್ಲಿಗೆ ಬಾಯಿ ಹಾಕಿತ್ತು.

“ಅಕ್ಕಾರ, ನನಗ ಎತ್ತು ಹೊಡಿಯಾಕ ಬರಾಂಗಿಲ್ರಿ,” ಎಂದ ನಾಚಿಕೆಯಿಂದ.

ನೀಲವ್ವ ಹೋಗಿ ಕೆಂದನ ಕೊರಳಿಗೆ ಹಗ್ಗ ಕಟ್ಟಿ ತಂದು, ತುದಿಯನ್ನು ಅವನ ಕೈಗೆ ಕೊಟ್ಟಳು.

“ಅವನಿಗೆ ಎಲ್ಲಾ ಗೊತ್ತೈತ್ರಿ ಅಣ್ಣಾರ. ನೀವು ಅವನ ಹಿಂದ ನಡದ್ರ ಸಾಕು.”

ಮದರಸಾಬ ಚಪ್ಪಲಿ ಬಿಟ್ಟು ಕೆಂದನ ಹಿಂದೆ ನಡೆದ.