ಒಂದು ತೋಳಿನ ಸ್ವೆಟರು

ನಾನು ಒಂದು ಸ್ವೆಟರು. ಹಾಗೆಂದು ಹೇಳಿಕೊಳ್ಳುವಾಗ ನನಗೇ ಪೂರ್ತಿ ನಂಬಿಕೆ ಬರುವುದಿಲ್ಲ. ನನಗೆ ಕುತ್ತಿಗೆ ಇದೆ, ಎಡತೋಳು ಇದೆ, ಬಲತೋಳು ಇಲ್ಲ. ಎರಡು ವರ್ಷ ನಾನು ಮನುಷ್ಯರ ಮೈಮೇಲಿರದೆ ಕಂಪ್ಯೂಟರಿನ ಮೈಮೇಲಿದ್ದೆ.

ಗದಗಿನ ಒಂದು ಅಂಗಡಿಯಿಂದ ಎಂಟು ಕಂದು ಉಣ್ಣೆಯ ಉಂಡೆಗಳಾಗಿ ದೇವಪುತ್ರಪ್ಪ ಮಾಸ್ತರರ ಮನೆಗೆ ಬಂದೆ. ಅವರ ಹೆಂಡತಿ ಸುಗಂಧವ್ವ ಮೊದಲು ನನ್ನನ್ನು ಮಗಳು ಸಲೋಮಿಗೆಂದು ಹೆಣೆದಳು. ಮಗಳು ಮದುವೆಯಾಗಿ ನನ್ನನ್ನು ಇಲ್ಲೇ ಬಿಟ್ಟು ಹಾವೇರಿಗೆ ಹೋದಳು. ಆಮೇಲೆ ಸುಗಂಧವ್ವ ನನ್ನನ್ನು ಬಿಚ್ಚಿ, ಬಿಸಿನೀರಿನ ಹಬೆಗೆ ಹಿಡಿದು, ಸುಕ್ಕು ಬಿಡಿಸಿ, ಮತ್ತೆ ಉಂಡೆ ಮಾಡಿದಳು. ಬಿಚ್ಚುವಾಗ ನೋವಾಗುವುದಿಲ್ಲ. ದಿಕ್ಕು ತಪ್ಪುತ್ತದೆ, ಅಷ್ಟೆ. ಈ ಸಲ ನಾನು ಮಾಸ್ತರರಿಗೆ ಎಂದು ತಿಳಿಯಿತು.

ನಾನು ಎದೆಯಷ್ಟು ಬೆಳೆದಿದ್ದಾಗ ಮಾಸ್ತರರ ಗಂಟಲಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಧ್ವನಿ ಉಳಿಯುವ ಭರವಸೆ ಇರಲಿಲ್ಲ. ಆ ಮನೆಯಲ್ಲಿ ಸಂಜೆಯ ಪ್ರಾರ್ಥನೆ ಒಂದು ದಿನವೂ ತಪ್ಪಿದ್ದಿಲ್ಲ. ಅದು ನಿಲ್ಲಬಾರದೆಂದು ಮಾಸ್ತರರು ಕಂಪ್ಯೂಟರಿನ ಮುಂದೆ ಕಣ್ಣು ಮುಚ್ಚಿ ಕುಳಿತು, ಅರ್ಧ ಗಂಟೆ ಪ್ರಾರ್ಥಿಸಿ, ಆ ಧ್ವನಿಯನ್ನು ಅದರೊಳಗೆ ತುಂಬಿಸಿದರು. ಹೆಂಡತಿಗೆ ತಿಳಿಯಲೆಂದು ಒತ್ತಬೇಕಾದ ಗುಂಡಿಯ ಮೇಲೆ ಕೆಂಪು ಕಾಗದದ ಚೂರು ಅಂಟಿಸಿದರು.

ಆಗ ಸುಗಂಧವ್ವ ಪಕ್ಕದಲ್ಲೇ ಇದ್ದಳು. ಆದರೆ ಆಕೆ ನನ್ನನ್ನು ಹೆಣೆಯುತ್ತ ಕುಣಿಕೆ ಎಣಿಸುತ್ತಿದ್ದಳು. ಮಾಸ್ತರರು ಆಸ್ಪತ್ರೆಗೆ ಹೋಗುವುದರೊಳಗೆ ನನ್ನನ್ನು ಮುಗಿಸಬೇಕೆಂಬ ಆತುರ. ಗಂಡ ಯಾರ ಯಾರ ಹೆಸರು ಹೇಳಿ ಏನು ಬೇಡಿದರೋ ಒಂದೂ ಅವಳ ಕಿವಿಗೆ ಬೀಳಲಿಲ್ಲ. ನನಗೂ ನೆನಪಿಲ್ಲ, ಹೆಣೆಯುತ್ತಿರುವಾಗ ನನಗೆ ಎಣಿಕೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಎಡತೋಳು ಆಸ್ಪತ್ರೆಯ ಬೆಂಚಿನ ಮೇಲೆ ಮುಗಿಯಿತು. ಬಲತೋಳು ಶುರುವಾಗುವ ಮುಂಚೆಯೇ ಮಾಸ್ತರರು ದೇವರ ಪಾದ ಸೇರಿದರು.

ಇನ್ನು ನಾನು ಯಾರಿಗೆ? ಸುಗಂಧವ್ವ ಒಂದು ತಿಂಗಳು ನನ್ನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಕೊನೆಗೆ ಒಂದು ದಿನ ಕಂಪ್ಯೂಟರಿನ ಪೆಟ್ಟಿಗೆಗೆ ತೊಡಿಸಿದಳು. ಮಾಸ್ತರರ ಧ್ವನಿ ಇರುವುದು ಅದರೊಳಗಲ್ಲವೆ? ಅದಕ್ಕೆ ಧೂಳು ಹಿಡಿಯಬಾರದು, ಥಂಡಿ ತಾಗಬಾರದು. ನಾನು ಅದನ್ನು ಬಿಗಿಯಾಗಿ ತಬ್ಬಿಕೊಂಡೆ. ಎಡತೋಳು ಮೇಜಿನಿಂದ ಕೆಳಗೆ ಜೋತಾಡುತ್ತಿತ್ತು.

ಸಂಜೆ ಆಕೆ ಕೆಂಪು ಚೂರನ್ನು ಒತ್ತುವಳು. ಮಾಸ್ತರರ ಧ್ವನಿ ಬರುವುದು. ಪಾದ್ರಿಗಳು, ನೆರೆಯವರು, ಮಗಳು, ಅಳಿಯ, ಒಬ್ಬೊಬ್ಬರ ಹೆಸರೂ ಬರುವುದು. ನನ್ನೊಳಗೆ ಪೆಟ್ಟಿಗೆ ಬೆಚ್ಚಗಾಗುವುದು. ಚಳಿ ಬಿಟ್ಟಿತೆಂದು ನನಗೆ ಸಂತೋಷ. ಮಾಸ್ತರರ ತಂಗಿಯ ಹೆಸರಿನ ಹತ್ತಿರ ಬರುವಷ್ಟರಲ್ಲಿ ಎಲ್ಲವೂ ತಟ್ಟನೆ ಆರಿಹೋಗುವುದು. ಸುಗಂಧವ್ವನ ಹೆಸರು ಅದರಾಚೆ ಎಲ್ಲೋ ಇತ್ತು. ಪ್ರತಿದಿನವೂ ಹೀಗೇ.

ಅಳಿಯ ಜಯಪಾಲ ಹಾವೇರಿಯಿಂದ ಬಂದಾಗ ರಿಪೇರಿಗೆ ಕುಳಿತ. ಬಂದವರೆದುರು ಒಂದೇ ತೋಳಿನ ನನ್ನನ್ನು ಕಾಣಿಸಲು ಸುಗಂಧವ್ವನಿಗೆ ಸಂಕೋಚ. ಮೊದಲೇ ತೆಗೆದು ಕುರ್ಚಿಯ ಹಿಂದೆ ಹಾಕಿದ್ದಳು. ಅಳಿಯ ಎರಡು ತಾಸು ಏನೇನೋ ಒತ್ತಿ ನೋಡಿದ.

“ಅತ್ತಿ, ಇದಕ್ಕ ಏನೂ ಆಗಿಲ್ರಿ. ಗಟ್ಟಿಮುಟ್ಟ ಐತಿ.”

“ನೀವು ಬಂದ್ರ ಸರಿ ಇರತೈತ್ರೀ. ನಾ ಮುಟ್ಟಿದ್ರ ಆರತೈತಿ,” ಎಂದಳು. ಪ್ರಾರ್ಥನೆಯಲ್ಲಿ ತನ್ನ ಹೆಸರನ್ನು ಕೇಳುವ ಆಸೆಯನ್ನು ಮಾತ್ರ ಹೇಳಲಿಲ್ಲ.

ಅಳಿಯ ಹೋದ ಮೇಲೆ ನಾನು ಮತ್ತೆ ಪೆಟ್ಟಿಗೆಯ ಮೇಲೇರಿದೆ. ಸಂಜೆ ಅದು ಮತ್ತೆ ಆರಿತು. ಸುಗಂಧವ್ವ ಮೊಣಕಾಲೂರಿದಳು. “ದೇವರೇ, ಅವತ್ತ ನಾ ಕಿವಿ ಕೊಡಲಿಲ್ಲ. ಇವತ್ತ ನೀ ಕೇಳಗೊಡವೊಲ್ಲಿ. ನ್ಯಾಯ ಐತಿ ಬಿಡು,” ಎಂದು ಅತ್ತಳು. ನನಗೆ ಏನೂ ತಿಳಿಯಲಿಲ್ಲ. ನಾನು ಪೆಟ್ಟಿಗೆಯನ್ನು ಇನ್ನೂ ಬಿಗಿಯಾಗಿ ತಬ್ಬಿದೆ.

ಕ್ರಿಸ್ಮಸ್ ಹತ್ತಿರ ಬಂದಾಗ ಮಾಸ್ತರರ ತಂಗಿ ಸುವಾರ್ತವ್ವ ಒಂದು ವಾರ ಇರಲು ಬಂದಳು. ಆಕೆ ಇರುವಾಗ ಸುಗಂಧವ್ವ ಕೆಂಪು ಚೂರನ್ನು ಮುಟ್ಟುತ್ತಿರಲಿಲ್ಲ. ಮೂರನೆಯ ದಿನ ಸುವಾರ್ತವ್ವ ಸಂತೆಗೆ ಹೋದಾಗ ನನ್ನನ್ನು ಮತ್ತೆ ಪೆಟ್ಟಿಗೆಗೆ ತೊಡಿಸಿ ಒತ್ತಿದಳು. ಸುವಾರ್ತವ್ವ ಬೇಗನೆ ತಿರುಗಿ ಬಂದು ಬಾಗಿಲಲ್ಲೇ ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.

“…ತಂಗಿ ಸುವಾರ್ತಾಳ ಮೊಣಕಾಲ…” ಎಂದವರೇ ಮಾಸ್ತರರು ಆರಿಹೋದರು.

“ಸರಿಯಾಗಿ ನನ್ನ ಮೊಣಕಾಲಿಗೆ ಬಂದ ನಿಂತಿತಲ್ಲ ವೈನಿ!” ಎಂದಳು ಸುವಾರ್ತವ್ವ ಕಣ್ಣೊರೆಸಿಕೊಳ್ಳುತ್ತ. “ಅದಕ್ಕ ಎಷ್ಟ ಎಣ್ಣಿ ತಿಕ್ಕಿದ್ರೂ ನೋವು ಹೋಗವಲ್ದು!”

ಸುಗಂಧವ್ವ ನಗಲು ಹೋಗಿ ಅತ್ತುಬಿಟ್ಟಳು. ಎಲ್ಲವನ್ನೂ ಹೇಳಿದಳು. ಸುವಾರ್ತವ್ವ ಕಂಪ್ಯೂಟರು ಮುಟ್ಟಿದವಳಲ್ಲ, ಐದು ಮಕ್ಕಳನ್ನು ಬೆಳೆಸಿದವಳು. ನನ್ನ ಕುತ್ತಿಗೆಯೊಳಗೆ ಕೈ ತೂರಿಸಿ ಪೆಟ್ಟಿಗೆಯನ್ನು ಮುಟ್ಟಿ ನೋಡಿದಳು.

“ಅಯ್ಯ ವೈನಿ, ಇದಕ್ಕ ಜ್ವರ ಬಂದಾವ! ಜ್ವರ ಬಂದ ಕೂಸಿಗೆ ಯಾರರ ಉಲ್ಲನ್ ಹಾಕತಾರೇನ? ಮೊದಲ ಬಿಚ್ಚ ಇದನ್ನ!”

ನನ್ನನ್ನು ಎಳೆದು ಹಾಕಿದರು. ಎರಡು ವರ್ಷ ನಾನು ಕಾಪಾಡಿದೆನೆಂದುಕೊಂಡದ್ದನ್ನೇ ಉಸಿರುಗಟ್ಟಿಸಿದ್ದೆ. ಅದನ್ನು ಈಗಲೂ ನನಗೆ ಅರಗಿಸಿಕೊಳ್ಳಲಾಗುತ್ತಿಲ್ಲ.

ಇಬ್ಬರೂ ಚಹಾ ಕುಡಿದು, ಪೆಟ್ಟಿಗೆ ತಣ್ಣಗಾದ ಮೇಲೆ ಮತ್ತೆ ಒತ್ತಿದರು. ಪಾದ್ರಿಗಳು, ನೆರೆಯವರು, ಮಗಳು, ಅಳಿಯ, ಮೊಣಕಾಲು ಎಲ್ಲ ದಾಟಿತು. ಮಾಸ್ತರರು ಸ್ವಲ್ಪ ತಡೆದರು. ಆ ಮೌನದಲ್ಲಿ ಹೆಣಿಗೆಯ ಕಡ್ಡಿಗಳ ಟಕಟಕ ಸದ್ದು ಕೇಳಿಸಿತು. “ನಲವತ್ತೊಂದ, ನಲವತ್ತೆರಡ,” ಎಂಬ ಪಿಸುಮಾತೂ ಕೇಳಿಸಿತು. ಅದು ಸುಗಂಧವ್ವನ ಧ್ವನಿ. ಆ ಎಣಿಕೆ ನಾನು.

“ಕರ್ತನೇ,” ಎಂದಿತು ಮಾಸ್ತರರ ಧ್ವನಿ, ನಗು ತಡೆದುಕೊಂಡಂತೆ. “ನನ್ನ ಸುಗಂಧಾ ಕಣ್ಣ ಮುಚ್ಚಿಲ್ಲಂತ ಸಿಟ್ಟಾಗಬ್ಯಾಡ. ಆಕೀ ಪ್ರಾರ್ಥನಾ ಕೈಯಾಗ ನಡದೈತಿ. ಎಣಕಿ ತಪ್ಪದಂಗ ನೋಡಿಕೋ. ಆಮೆನ್.”

“ನಲವತ್ತಮೂರ,” ಎಂದಿತು ಪಿಸುಮಾತು.

ಸುಗಂಧವ್ವ ನೆಲದ ಮೇಲಿದ್ದ ನನ್ನನ್ನು ಎತ್ತಿಕೊಂಡಳು. ಎದೆಯ ಭಾಗದ ಸಾಲುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿ, ಅವತ್ತಿನ ಎಣಿಕೆ ಎಲ್ಲಾದರೂ ತಪ್ಪಿದೆಯೇ ಎಂದು ಹುಡುಕಿದಳು.

ಈಗ ನಾನು ಅವಳ ಮಂಚದ ಮೂಲೆಯಲ್ಲಿದ್ದೇನೆ. ಬಲತೋಳು ಮೊಣಕೈವರೆಗೆ ಬಂದಿದೆ. ಯಾರಿಗೆಂದು ಆಕೆ ಹೇಳಿಲ್ಲ, ನಾನೂ ಕೇಳಿಲ್ಲ. ನನ್ನ ಬಗ್ಗೆ ನನಗೆ ತಿಳಿಯದ್ದು ಬಹಳವಿದೆ. ಎದೆಯ ಆ ಸಾಲುಗಳಲ್ಲಿ ಮಾತ್ರ ಒಂದು ಕುಣಿಕೆಯೂ ತಪ್ಪಿಲ್ಲ.